ರಕ್ಷಾಪುಟ

“ಯಾರ್ ಸಾರ್ ತೆಗ್ದು ನೋಡ್ತಾರೆ? ಫೋಟೋದಲ್ಲಿ ಕಾಣೋದು ಹೊರಗಡೆ ತಾನೆ!”

ಪ್ರಕಾಶಕ ಶಿವಲಿಂಗಯ್ಯನವರ ಕೈ ನಿಲ್ಲಲಿಲ್ಲ. ಒಳಪುಟಗಳು ಇನ್ನೂ ಪ್ರೆಸ್ಸಿನಲ್ಲೇ ಇದ್ದವು. ಬಂದದ್ದು ರಕ್ಷಾಪುಟ ಮಾತ್ರ. ಬಿಡುಗಡೆಗೆ ಹಾಲ್ ಗೊತ್ತುಮಾಡಿಯಾಗಿತ್ತು, ಆಹ್ವಾನಪತ್ರಿಕೆ ಹಂಚಿಯಾಗಿತ್ತು. ಹಾಗಾಗಿ ಮಾರಾಟವಾಗದೆ ಉಳಿದಿದ್ದ ‘ಲಾಭದಾಯಕ ಕೋಳಿ ಸಾಕಾಣಿಕೆ’ಯ ಪ್ರತಿಗಳಿಗೆ ಲೇಖಕ ಯೋಗೇಂದ್ರನ ‘ಬೆಳ್ಳಕ್ಕಿ ಹೇಳಿದ್ದು’ ಕಥೆಗಳ ರಕ್ಷಾಪುಟ ಹೊದಿಸಿ, ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟುತ್ತಿದ್ದರು.

“ಮಕ್ಕಳ ಪುಸ್ತಕ ಕಣ್ರೀ. ಮಕ್ಕಳು ತೆಗೆದು ನೋಡಲ್ವೆ?”

“ಸ್ಕೂಲಿಂದ ಮಕ್ಕಳನ್ನ ಕರೆಸೋದು ಚಪ್ಪಾಳೆಗೆ ಸಾರ್, ಪುಸ್ತಕ ಮುಟ್ಟೋಕಲ್ಲ. ಸುಮ್ನೆ ಬುಡಿ, ಎಲ್ರೂ ಮಾಡೋದೇ ಇಂಗೆ.”

ಯೋಗೇಂದ್ರ ಬಿಟ್ಟ. ಕಾಲೇಜಿನಲ್ಲಿ ಪ್ರಾಮಾಣಿಕತೆಯ ಮೇಲೆ ಗಂಟೆಗಟ್ಟಲೆ ಕೊರೆಯುವವನು. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಹೆಂಡತಿ ವಾಣಿ ಸತ್ತು ವರ್ಷವಾಗಿತ್ತು. ಅಂದಿನಿಂದ ಅವನಿಗೂ ಎಂಟನೆಯ ತರಗತಿಯ ಮಗಳು ಬಿಂದುವಿಗೂ ನಡುವೆ ಉಳಿದ ಮಾತೆಂದರೆ ಬೀಗದ ಕೈ, ಗ್ಯಾಸು, ಹಾಲು. ಸತ್ತವಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಹೇಳಲಾಗದ್ದನ್ನೆಲ್ಲ ಅವನು ಪುಸ್ತಕದ ಕೊನೆಯ ಕಥೆಯಲ್ಲಿ ಬರೆದಿದ್ದ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದನ್ನು, ಮಗಳಿಗೆ ಜಡೆ ಹಾಕಲು ಬಾರದೆ ಸೋತದ್ದನ್ನು. ಹಸ್ತಪ್ರತಿಯನ್ನೇ ಕೊಡಬಹುದಿತ್ತು. ಮುಖಕ್ಕೆ ಮುಖ ಕೊಟ್ಟು ಕೊಡುವ ಧೈರ್ಯ ಬರಲಿಲ್ಲ. ಅಚ್ಚಾದರೆ ತಾನಾಗಿಯೇ ಅವಳ ಕೈ ಸೇರುತ್ತದೆ, ಓದುತ್ತಾಳೆ, ಆಮೇಲೆ ಒಂದು ಮಾತು ಆಡಿಯಾಳು ಎಂದು ನಂಬಿಕೊಂಡಿದ್ದ.

ಸಭೆಯಲ್ಲಿ ಅವನ ತಲೆಗೆ ಮೈಸೂರು ಪೇಟ ಇಟ್ಟರು. ದೊಡ್ಡದಾಗಿತ್ತು, ಹುಬ್ಬಿನ ಮೇಲೆ ಕೂತಿತು. ಗಣ್ಯರು ರಿಬ್ಬನ್ ಬಿಚ್ಚಿ ಕೋಳಿ ಸಾಕಾಣಿಕೆಯನ್ನು ಎದೆಮಟ್ಟಕ್ಕೆ ಹಿಡಿದು ಕ್ಯಾಮೆರಾ ನೋಡಿದರು. ಶಾಲೆಯ ಟೀಚರು ಕೈಯೆತ್ತಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಮುಖ್ಯ ಅತಿಥಿ, ನಿವೃತ್ತ ಪ್ರಾಂಶುಪಾಲ ಮರಿಸ್ವಾಮಿ, ಪುಸ್ತಕ ತಿರುಗಿಸಿ ರಕ್ಷಾಪುಟದ ಹಿಂಬದಿಯ ನಾಲ್ಕು ಸಾಲಿನ ಮೇಲೆ ಕಣ್ಣಾಡಿಸಿದರು. “ತಾಯಿಯಿಲ್ಲದ ಮಗುವಿನ ಆ ಕೊನೆಯ ಕಥೆ ಇದೆಯಲ್ಲ, ನಿನ್ನೆ ಓದಿ ಕಣ್ಣೀರು ಹಾಕಿಬಿಟ್ಟೆ,” ಎಂದರು. ಯೋಗೇಂದ್ರನಿಗೆ ನಗು ಬರಬೇಕಿತ್ತು. ಬರಲಿಲ್ಲ.

ಆಮೇಲೆ ನಿರೂಪಕಿ, ಯಾರೂ ಹೇಳಿಕೊಡದಿದ್ದರೂ, “ಮೊದಲ ಪ್ರತಿ ಲೇಖಕರ ಮಗಳಿಗೆ!” ಎಂದು ಕೂಗಿದಳು. ಬಿಂದು ವೇದಿಕೆಗೆ ಬಂದಳು. ಅವನೇ ಕೊಡಬೇಕಾಯಿತು. ಕೊಟ್ಟ. ಅವಳು ಕ್ಯಾಮೆರಾ ಹೇಳಿದಷ್ಟು ನಕ್ಕು ಇಳಿದುಹೋದಳು.

ಎಲ್ಲ ಮುಗಿದು ಸ್ಕೂಟರಿನ ಬಳಿ ಬಂದಾಗ, ಒಳಗಿರುವುದು ಬೇರೆ ಎಂದು ಹೇಳಿಬಿಡಲು ಬಾಯಿ ತೆರೆದ.

“ಬಿಂದು, ಆ ಪುಸ್ತಕ…”

“ಓದ್ದೆ ಅಪ್ಪ.”

“ಓದಿದ್ಯಾ? ಯಾವಾಗ?”

“ಅಲ್ಲೇ ಕೂತ್ಕೊಂಡು. ಕೊನೇ ಕಥೆ. ಅಮ್ಮಂದು.” ಜಡೆಯ ತುದಿ ತಿರುವಿದಳು. “ಅಳು ಬಂದ್ಬುಡ್ತು.”

ವರ್ಷದ ಮೇಲೆ ಅವಳ ಬಾಯಲ್ಲಿ ಅಮ್ಮ ಎಂಬ ಮಾತು. ಅದನ್ನು ಕೇಳಲೆಂದೇ ಅವನು ಬರೆದದ್ದು. ಸುಳ್ಳೆಂದು ಗೊತ್ತಿದ್ದೂ ಎದೆ ತುಂಬಿ ಬಂತು, ತುಂಬಿ ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

“ಸಂತೋಷ ಕಣಮ್ಮ,” ಎಂದ. ಸ್ಕೂಟರ್ ಸ್ಟಾರ್ಟ್ ಮಾಡಿದ.

ಮೇಟಗಳ್ಳಿಯ ಮನೆಗೆ ಹೋಗುವ ದಾರಿಯಲ್ಲಿ ಸಿಗ್ನಲ್ ಕೆಂಪಾಯಿತು. ಕನ್ನಡಿಯಲ್ಲಿ ನೋಡಿದ. ಬಿಂದು ಪುಸ್ತಕ ತೆರೆದಿದ್ದಳು. ಮೊದಲು ಕೊನೆಯ ಪುಟಗಳು, ಆಮೇಲೆ ನಡುವಿನವು, ಆಮೇಲೆ ಮೊದಲಿನವು. ನಿಧಾನವಾಗಿ ತಲೆಯೆತ್ತಿದಳು. ಕನ್ನಡಿಯೊಳಗೆ ಕಣ್ಣು ಕೂಡಿತು. ಅವಳು ಓದಿಲ್ಲವೆಂದು ಅವನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದನೆಂದು ಅವಳಿಗೆ ಈಗ ಗೊತ್ತಾಯಿತು.

ಹಿಂದಿನವರು ಹಾರ್ನ್ ಹೊಡೆದರು. ಸ್ಕೂಟರ್ ವೇಗ ಹಿಡಿಯುತ್ತಲೇ ಗಾಳಿಗೆ ರಕ್ಷಾಪುಟ ಕಳಚಿಕೊಂಡಿತು. ಅವನ ಹೆಸರು ಹೊತ್ತ ಬೆಳ್ಳಕ್ಕಿ ಒಂದು ಗಳಿಗೆ ರಸ್ತೆಯ ಮೇಲೆ ತೇಲಿ, ಕಾರ್ಖಾನೆ ಬಸ್ಸಿನ ಚಕ್ರದಡಿಗೆ ಹೋಯಿತು. ಅವನು ನಿಲ್ಲಿಸಲಿಲ್ಲ. ನಿಲ್ಲಿಸು ಎಂದು ಅವಳೂ ಅನ್ನಲಿಲ್ಲ. ಕೋಳಿ ಸಾಕಾಣಿಕೆಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು, ಅವನ ಬೆನ್ನಿಗೆ ತಾಗದಂತೆ ಹಿಂದಕ್ಕೆ ಸರಿದು ಕೂತಳು.