ಅಡುಗೆಯವನ ಕೋಣೆಯ ಬಾಗಿಲು

ಹಡಗು ಮುಳುಗಿದ ಜಾಗಕ್ಕೆ ಈಗ ಜನ ಚಪ್ಪಲಿ ಕೈಯಲ್ಲಿ ಹಿಡಿದು, ಮೈಗೆ ಎಣ್ಣೆ ಹಚ್ಚಿಕೊಂಡು ನಗುನಗುತ್ತ ಹೋಗುತ್ತಾರೆ. ದೋಣಿಕಟ್ಟೆಯ ಜಾಹೀರಾತು ಹಲಗೆಯ ಮೇಲೆ ಆ ಹಡಗಿನದೇ ಚಿತ್ರ. ಅದರ ಕಿಟಕಿಯಿಂದ ಒಂದು ಹಳದಿ ಮೀನು ಇಣುಕಿ ನಗುತ್ತಿದೆ. ಸೊಸೆ ಅದನ್ನು ನೋಡಿದಳು. ಅತ್ತೆಯೂ ನೋಡಿದರು. ಇಬ್ಬರೂ ದೋಣಿಯ ಕಡೆ ನಡೆದರು.

ಅತ್ತೆಯ ಒಬ್ಬನೇ ಮಗ ಆ ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗು ಬಂಡೆಗೆ ಬಡಿದಾಗ ಉಳಿದವರೆಲ್ಲ ಸಣ್ಣ ದೋಣಿಗಳಿಗೆ ಇಳಿದು ಬದುಕಿಕೊಂಡರು, ಅವನೊಬ್ಬ ಸಿಗಲಿಲ್ಲ. ಮೊದಲ ದಿನಗಳಲ್ಲಿ ಸಮುದ್ರ ಯಾರನ್ನೂ ಹತ್ತಿರ ಬಿಡಲಿಲ್ಲ; ಸಮುದ್ರ ಸುಮ್ಮನಾಗುವ ಹೊತ್ತಿಗೆ ಹುಡುಕುವವರೂ ಸುಮ್ಮನಾಗಿದ್ದರು. ಆಮೇಲೆ ಎಂಜಿನ್ ಕೋಣೆಯ ಕೆಲಸಗಾರನೊಬ್ಬ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರು ಕುಡಿದು ಹೇಳಿದ್ದ.

"ಅವನ ಬಾಗಿಲು ಬಡಿದ್ವಿ ಅಮ್ಮಾ. ಅಡುಗೆಮನೆ ಪಕ್ಕದ್ದೇ ಅವನ ಕೋಣೆ. ಹಡಗು ಹೊಯ್ದಾಡಿದರೆ ಬಾಗಿಲು ಬಡ್ಕೊಳ್ಳುತ್ತೆ ಅಂತ ಒಳಗಿಂದ ಚಿಲಕ ಹಾಕ್ಕೊಂಡೇ ಮಲಗೋನು. ಒಳಗೇ ಇದ್ದನೋ, ನಮಗಿಂತ ಮೊದಲೇ ಎದ್ದು ಹೋಗಿದ್ದನೋ, ದೇವರಿಗೇ ಗೊತ್ತು."

"ದೇವರಿಗೆ ಗೊತ್ತಿದ್ದರೆ ಸಾಕು ಬಿಡಪ್ಪ," ಅಂದಿದ್ದರು ಅತ್ತೆ. ಅಂದಿನಿಂದ ಅವನು ಸತ್ತ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಬದುಕಿದ್ದಾನೆ ಎಂದೂ ಯಾರೂ ಹೇಳಲಿಲ್ಲ.

ಸೊಸೆ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸದವಳು. ಹಾಸಿಗೆಯ ಬಟ್ಟೆ ಯಂತ್ರದಿಂದ ಹಬೆಯಾಡುತ್ತ ಹೊರಬಂದರೆ ಬರಿಗೈಯಲ್ಲಿ ಹಿಡಿದು ಮಡಚುವಳು. ಅಂಗೈಗೆ ಬಿಸಿ ತಾಗುವುದು ಯಾವಾಗಲೋ ನಿಂತಿತ್ತು. ಮಾಲೀಕರು ಬೇರೆ ಊರಿನಲ್ಲಿ ಇನ್ನೂ ದೊಡ್ಡದೊಂದು ಲಾಂಡ್ರಿ ತೆರೆದು, ಅದನ್ನು ನೀನೇ ನೋಡಿಕೊ ಎಂದಿದ್ದರು. ಅತ್ತೆ ಮಾತ್ರ ಮನೆ ಬಿಡಲು ಒಪ್ಪಲಿಲ್ಲ.

"ಅವನಿಗೆ ವಿಳಾಸ ಎಲ್ಲಿ ಗೊತ್ತು? ಅವನಿಗೆ ಗೊತ್ತಿರೋದು ಈ ಮನೆ ದಾರಿ. ಬಂದು ಬಾಗಿಲು ತಟ್ಟಿದರೆ ಬೇರೆ ಯಾರೋ ತೆಗೀಬೇಕಾ?"

"ಹಾಗಾದರೆ ನಾನೂ ಹೋಗಲ್ಲ ಬಿಡಿ."

"ನೀನು ಹೋಗು. ನಿನ್ನ ಕಾಲು ನಾನು ಕಟ್ಟಿ ಹಾಕಿದೀನಾ?"

ಕಟ್ಟಿ ಹಾಕಿರಲಿಲ್ಲ ನಿಜ. ಆದರೆ ಮಂಡಿ ನೋವಿನ ಮುದುಕಿಯನ್ನು ಒಂಟಿಯಾಗಿ ಬಿಟ್ಟು ಹೊರಡುವುದು ಹೇಗೆ? ಹಾಗೆ ಮಾತು ಬೆಳೆದು, ನಿಂತು, ಮತ್ತೆ ಬೆಳೆದು, ಕೊನೆಗೆ ಅತ್ತೆಯೇ ಒಂದು ಗೆರೆ ಎಳೆದರು. ಆ ಹಡಗನ್ನು ಈಗ ಯಾರು ಬೇಕಾದರೂ ಮೇಲಿಂದ ನೋಡಬಹುದಂತೆ. ನಾನು ದೋಣಿಯಲ್ಲಿ ಕೂತಿರುತ್ತೇನೆ, ನೀನು ನೀರಿಗಿಳಿದು ನೋಡಿ ಬಾ. ಅವನ ಕೋಣೆಯ ಬಾಗಿಲು ತೆರೆದಿದ್ದರೆ ಅವನು ಎದ್ದು ಹೊರಗೆ ಹೋಗಿದ್ದಾನೆ, ನಾನು ಇಲ್ಲೇ ಇರುತ್ತೇನೆ. ಮುಚ್ಚಿದ್ದರೆ ನಿನ್ನ ಜೊತೆ ಬರುತ್ತೇನೆ.

ಸೊಸೆ ಒಪ್ಪಿದಳು. ಅವಳು ಏನು ನೋಡಿದರೂ ಹೇಳಬೇಕಾದ ಮಾತನ್ನು ಆಗಲೇ ತೆಗೆದಿಟ್ಟುಕೊಂಡಿದ್ದಳು: ಮುಚ್ಚಿತ್ತು. ಇಸ್ತ್ರಿ ಮಾಡುವಾಗ ಅದನ್ನು ಮನಸ್ಸಿನಲ್ಲೇ ಹೇಳಿಹೇಳಿ ಮಡಿಕೆ ಕೂರಿಸಿದ್ದಳು. ಎದೆ ಹೊಡೆದುಕೊಳ್ಳಲಿಲ್ಲ, ಪಾಪ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ.

ದೋಣಿಯಲ್ಲಿ ಇವರಿಬ್ಬರಲ್ಲದೆ ಹೊಸದಾಗಿ ಮದುವೆಯಾದ ಜೋಡಿಯೊಂದಿತ್ತು. ದೋಣಿಯವನು ಬಿಸಿಲಿಗೆ ಒಣಗಿದ ಮುಖದ, ನಡುವಯಸ್ಸಿನವನು; ಅತ್ತೆಗೆ ಲೈಫ್ ಜಾಕೆಟ್ ತೊಡಿಸಿ ಬಕಲ್ ಹಾಕಿದ.

"ಇದು ಹಾಕ್ಕೊಂಡರೆ ಮುಳುಗಬೇಕು ಅಂದ್ರೂ ಮುಳುಗೋಕಾಗಲ್ಲ ಅಜ್ಜಿ."

"ಮುಳುಗಬೇಕು ಅಂತ ನಿನಗೆ ಯಾರು ಹೇಳಿದ್ದು? ಸ್ವಲ್ಪ ಸಡಿಲ ಮಾಡು, ಉಸಿರು ಕಟ್ಟುತ್ತೆ."

ಮದುಮಗ ನಕ್ಕ. ಅವನ ಹೆಂಡತಿ ಅವನ ಮೊಣಕೈ ತಿವಿದು, "ನಗಬೇಡಿ. ಬರೋ ಮುಂಚೆ ಈಜು ಬರುತ್ತೆ ಅಂತ ಕೊಚ್ಚಿಕೊಂಡವರು ನೀವು," ಅಂದಳು. "ಬಕೆಟ್ಟಲ್ಲಿ ಬರುತ್ತೆ," ಎಂದ ಅವನು. ಅತ್ತೆಯೂ ಸಣ್ಣಗೆ ನಕ್ಕರು. ಸೊಸೆ ತನ್ನ ತುಟಿಯನ್ನೂ ಅಷ್ಟು ಅಗಲ ಮಾಡಿದಳು.

ದಡ ಸಣ್ಣದಾಗುತ್ತ ಹೋಗಿ, ನೀರಿನ ಬಣ್ಣ ಒಂದು ಕಡೆ ಕಪ್ಪಾಯಿತು. ದೋಣಿಯವನು ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟ. ಕೆಳಗೆ ಹಡಗು. ಅಲೆಯ ಬೆನ್ನಡಿಯಲ್ಲಿ ಒಂದು ದೊಡ್ಡ ನೆರಳು, ಅಷ್ಟೇ.

ಸೊಸೆಗೆ ಈಜು ಬರುವುದಿಲ್ಲ. ದೋಣಿಯವನು ಅವಳ ಮುಖಕ್ಕೆ ನೀರಿನ ಕನ್ನಡಕ ಕಟ್ಟಿ, ಬಾಯಿಗೆ ಉಸಿರಿನ ಕೊಳವೆ ಕೊಟ್ಟು, ಕೈಗೆ ರಬ್ಬರಿನ ಉಂಗುರ ಹಿಡಿಸಿ, ಅದರ ಹಗ್ಗ ತಾನು ಹಿಡಿದು ನೀರಿಗಿಳಿದ.

"ಮೂಗು ಮರೆತುಬಿಡಿ ಅಕ್ಕಾ. ಉಸಿರೆಲ್ಲ ಬಾಯಲ್ಲೇ. ಮುಖ ನೀರಲ್ಲಿಟ್ಟು ಸುಮ್ಮನೆ ಮಲಗಿ. ಎಲ್ಲಿಗೆ ಎಳೀಲಿ, ಮುಂಭಾಗಕ್ಕಾ?"

"ಅಡುಗೆಮನೆ ಕಡೆಗೆ."

ಅವನು ಒಮ್ಮೆ ಅವಳನ್ನು ನೋಡಿದ. ಮೀನು ನೋಡಲು ಬಂದವರು ಯಾರೂ ಅಡುಗೆಮನೆ ಕೇಳುವುದಿಲ್ಲ. ಆದರೂ ಎಳೆದುಕೊಂಡು ಹೋದ.

ಅವಳು ಮುಖ ಇಟ್ಟಳು. ಕಿವಿಯೊಳಗೆ ತನ್ನದೇ ಉಸಿರು. ಬಾಯಲ್ಲಿ ರಬ್ಬರಿನ ರುಚಿ. ಕೆಳಗೆ ಹಡಗು ಒಂದು ಮಗ್ಗುಲಿಗೆ ಮಲಗಿತ್ತು, ಬಿಸಿಲು ಅದರ ಮೇಲೆ ಬಲೆ ಬಲೆಯಾಗಿ ಅಲುಗುತ್ತಿತ್ತು. ಕಟಕಟೆಯ ಕಂಬಿಗಳಿಗೆ ಪಾಚಿ ದಪ್ಪನಾಗಿ ಹತ್ತಿತ್ತು. ಎಷ್ಟು ಒಗೆದರೂ ಇದು ಹೋಗುವುದಿಲ್ಲ ಎಂದುಕೊಂಡಳು. ನೀಲಿ ಮೀನಿನ ಹಿಂಡೊಂದು ಬಂದು, ಒಟ್ಟಿಗೆ ತಿರುಗಿ, ಒಟ್ಟಿಗೆ ಹೋಯಿತು. ಇಷ್ಟು ವರ್ಷ ಒಳಗೇ ಉಳಿದ ಅಳು ಇಲ್ಲಿಯಾದರೂ ಬಂದೀತು ಎಂದು ಕಾದಳು. ಬರಲಿಲ್ಲ.

ಅಡುಗೆಮನೆ ಕಂಡಿತು. ಮಗುಚಿದ ಒಲೆ, ಗೋಡೆಗೆ ಅಂಟಿಕೊಂಡ ತೊಟ್ಟಿ. ಅದರ ಪಕ್ಕದಲ್ಲೇ ಒಂದು ಕಪ್ಪು ಚೌಕ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಚೌಕದೊಳಗಿಂದ ಒಂದು ಮೀನು ಬಂತು, ಇನ್ನೊಂದು ಹೋಯಿತು. ಅಂಚಿನಲ್ಲಿ ತಿರುಗಣಿಗಳಿದ್ದ ಗುರುತು ಮಾತ್ರ ಇತ್ತು. ಬಾಗಿಲು ತೆರೆದಿರಲಿಲ್ಲ, ಮುಚ್ಚಿರಲಿಲ್ಲ. ಬಾಗಿಲೇ ಇರಲಿಲ್ಲ. ಅದರಾಚೆಯ ಕೋಣೆಗೂ ಇಲ್ಲ, ಇನ್ನೊಂದಕ್ಕೂ ಇಲ್ಲ.

ತಲೆ ಎತ್ತಿ ಕೊಳವೆ ತೆಗೆದಳು. "ಬಾಗಿಲುಗಳೆಲ್ಲ ಎಲ್ಲಿ?"

"ಕಿತ್ತಿದೀವಿ ಅಕ್ಕಾ. ಜನರನ್ನ ಇಳಿಸೋ ಮುಂಚೆ ನಾವು ದೋಣಿಯವರೇ ಸೇರಿ ಒಂದೊಂದೇ ಬಿಚ್ಚಿದ್ವಿ. ಯಾರಾದರೂ ಕೆಳಗೆ ಮುಳುಗಿ ಒಳಗೆ ಹೊಕ್ಕು, ಬಾಗಿಲು ಹಾಕ್ಕೊಂಡುಬಿಟ್ಟರೆ ಆಮೇಲೆ ಯಾರು ಹೊಣೆ? ಎಲ್ಲ ಮುಳುಗಿದ ಹಡಗಿಗೂ ಹಾಗೇ ಮಾಡೋದು."

"ಈ ಕೋಣೆದು ಬಿಚ್ಚೋವಾಗ ಮುಚ್ಚಿತ್ತಾ, ತೆಗೆದಿತ್ತಾ?"

ಅವನು ನೀರಿನಲ್ಲಿ ಕಾಲಾಡಿಸುತ್ತ ನೆನಪು ಮಾಡಿಕೊಂಡ. "ಎಷ್ಟೊಂದು ಬಾಗಿಲು ಅಕ್ಕಾ. ಕೆಲವು ಕೈಗೇ ಬಂದವು, ಕೆಲವು ಕೊಯ್ಯಬೇಕಾಯ್ತು. ಇದು ಯಾವುದೋ, ಸುಳ್ಳು ಹೇಳಬಾರದು, ನೆನಪಿಲ್ಲ."

"ಒಳಗೆ?"

"ಮರಳಿತ್ತು. ಅಷ್ಟು ವರ್ಷ ಆದಮೇಲೆ ಸಮುದ್ರ ಬೇರೇನೂ ಉಳಿಸಲ್ಲ." ಅವನಿಗೆ ಅರ್ಥವಾಗಿತ್ತು. ದೋಣಿಯಲ್ಲಿ ಕೊಡೆ ಹಿಡಿದು ಕೂತ ಮುದುಕಿಯ ಕಡೆ ನೋಡಿ ದನಿ ತಗ್ಗಿಸಿದ. "ಅಜ್ಜಿಗೆ ಏನು ಹೇಳಬೇಕು ಹೇಳಿ. ನಾನೂ ಅದನ್ನೇ ಹೇಳ್ತೀನಿ."

"ಬೇಡ. ನಾನು ಹೇಳ್ತೀನಿ."

ದೋಣಿಗೆ ಹತ್ತಿದಳು. ಮದುಮಕ್ಕಳು ಆಚೆ ಕಡೆ ನೀರಿಗಿಳಿದು, ಒಬ್ಬರನ್ನೊಬ್ಬರು ಹಿಡಿದುಕೊಂಡು ಬೈದಾಡುತ್ತಿದ್ದರು. ಅತ್ತೆ ಟವೆಲ್ ಕೊಟ್ಟರು. ಸೊಸೆ ತಲೆ ಒರೆಸಿಕೊಂಡಳು, ಕಿವಿಯ ನೀರು ತೆಗೆದಳು. ಅತ್ತೆ ಅವಸರ ಮಾಡಲಿಲ್ಲ.

"ನೋಡಿದೆಯಾ?"

"ನೋಡಿದೆ."

"ಹೇಳು."

ತೆಗೆದಿಟ್ಟ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಆಡುವುದೂ ಅಷ್ಟೇ, ಆಡದಿರುವುದೂ ಅಷ್ಟೇ ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಬಾಯಿ ತೆರೆದಾಗ ಬಂದದ್ದು ಕಂಡದ್ದು.

"ಬಾಗಿಲು ಇಲ್ಲ ಅತ್ತೆ. ಯಾರೂ ಒಳಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಇವರೇ ಬಿಚ್ಚಿ ತೆಗೆದಿದಾರೆ. ಆಗ ಹೇಗಿತ್ತು ಅನ್ನೋದು ಇವರಿಗೂ ನೆನಪಿಲ್ಲ."

ಅತ್ತೆ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ದೋಣಿಯವನು ಹಗ್ಗ ಸುತ್ತುತ್ತ ಬೆನ್ನು ತಿರುಗಿಸಿ ಕೂತಿದ್ದ.

"ನೀನು ಮುಚ್ಚಿತ್ತು ಅಂತೀಯ ಅಂದ್ಕೊಂಡಿದ್ದೆ."

"ಅಂದಿದ್ದರೆ?"

"ಬಂದುಬಿಡ್ತಿದ್ದೆ. ನಂಬ್ತಿರಲಿಲ್ಲ. ಆದರೂ ಬರ್ತಿದ್ದೆ." ಅತ್ತೆ ನೀರನ್ನು ನೋಡುತ್ತಿದ್ದರು. "ಊರು ಬಿಡೋಕೆ ನನಗೂ ಒಂದು ನೆಪ ಬೇಕಲ್ಲ."

ಅಲೆ ದೋಣಿಯ ಮಗ್ಗುಲಿಗೆ ತಟ್ಟಿತು, ಸರಿಯಿತು.

"ನಿನ್ನನ್ನೇ ಕೇಳ್ತೀನಿ," ಎಂದರು ಅತ್ತೆ. "ಇಷ್ಟು ದೂರ ಬಂದು ಸುಳ್ಳು ಹೇಳಲಿಲ್ಲ ನೀನು. ಇದನ್ನೂ ಹಾಗೇ ಹೇಳು. ಅವನು ಬರ್ತಾನಾ?"

ಬಟ್ಟೆಯಿಂದ ನೀರು ತೊಟ್ಟಿಕ್ಕಿ ಹಲಗೆಯ ಸಂದಿಯಲ್ಲಿ ಇಳಿದುಹೋಗುತ್ತಿತ್ತು. ಸೊಸೆ ಅತ್ತೆಯ ಮುಖ ನೋಡಿದಳು.

"ಬರಲ್ಲ ಅತ್ತೆ."

ಅತ್ತೆ ತಲೆಯಾಡಿಸಿದರು. ಕೆಳಗಿನ ನೆರಳಿನ ಕಡೆಗೆ ಎರಡೂ ಕೈ ಜೋಡಿಸಲು ಹೋದರು. ಕೊಡೆ ಅಡ್ಡ ಬಂತು. ಸೊಸೆ ಕೊಡೆ ತೆಗೆದುಕೊಂಡಳು. ಅತ್ತೆ ಕೈ ಜೋಡಿಸಿ, ತುಟಿಯಲ್ಲೇ ಏನೋ ಹೇಳಿ, ಮುಗಿಸಿದರು. ಇಬ್ಬರ ಕಣ್ಣಲ್ಲೂ ನೀರಿರಲಿಲ್ಲ.

ಮದುಮಕ್ಕಳು ಹತ್ತಿದ ಮೇಲೆ ದೋಣಿಯವನು ಲಂಗರು ಎಳೆದ. ಎಂಜಿನ್ ಸದ್ದು ಶುರುವಾದದ್ದರಿಂದ ಅತ್ತೆ ಬಾಗಿ, ಸೊಸೆಯ ಕಿವಿಯ ಹತ್ತಿರ ಕೇಳಬೇಕಾಯಿತು.

"ಆ ಊರಲ್ಲಿ ನೀನು ನೋಡಿರೋ ಮನೆ, ಮೇಲೋ ಕೆಳಗೋ?"

"ಮೇಲೆ. ಎರಡನೇ ಮಹಡಿ."

"ನನ್ನ ಮಂಡಿಗೆ ಮೆಟ್ಟಿಲು ಆಗಲ್ಲ."

"ಕೆಳಗಿಂದು ಹುಡುಕ್ತೀನಿ," ಅಂದಳು ಸೊಸೆ.