ಬೇಟೆಗಾರ್ತಿಯ ನಿಶ್ಚಿತಾರ್ಥ

ನೆಲ್ಯಹುದಿಕೇರಿ ಹತ್ತಿರದ ಎಸ್ಟೇಟ್ ಬಂಗಲೆಯಲ್ಲಿ ಧಾರಾವಾಹಿಯ ಶೂಟಿಂಗ್ ನಡೆದಿತ್ತು. ಅದರ ಬರಹಗಾರ್ತಿ ತೇಜಸ್ವಿನಿ, ನಾಯಕಿ ನೇಸರಾ ರಕ್ಕಸನನ್ನು ಹೊಳೆಗೆ ಕೆಡವುವ ದೃಶ್ಯ ಬರೆಯುತ್ತಿದ್ದಾಗ ನಿರ್ದೇಶಕ ತೀರ್ಥಪ್ರಸಾದ್ ಬಂದು ಎದುರು ನಿಂತ.

"ಮೇಡಂ, ಟಿಆರ್‌ಪಿ ಬಿದ್ದಿದೆಯಂತೆ. ನೇಸರಾಗೆ ನಿಶ್ಚಿತಾರ್ಥ ಮಾಡಿಸಿ ಅಂತಿದಾರೆ ಚಾನೆಲ್‌ನವರು."

ತೇಜಸ್ವಿನಿಗೆ ನಗು ಬಂತು. "ಅವಳಿನ್ನೂ ಪಿಯುಸಿ ತೀರ್ಥ! ಸಂಜೆ ಕಾಲೇಜು ಬಿಟ್ಟ ಮೇಲೆ ರಕ್ಕಸರನ್ನ ಹೊಡೀತಾಳೆ. ನಮ್ಮ ಕಥೆ ಅಂದ್ರೆ ಅಷ್ಟೇ ತಾನೆ?"

"ಹದಿನೆಂಟು ತುಂಬಿಸಿ ಅಂದ್ರು. ಸಂಜೆಯೊಳಗೆ ಸೀನ್ ಬೇಕಂತೆ."

ನಗು ಅಲ್ಲೇ ಸತ್ತಿತು. ಕುಶಾಲನಗರದ ಮನೆಯಲ್ಲಿ ಚಿಕ್ಕಂದಿನಲ್ಲಿ ಕತ್ತಲಾದರೆ ಹಿತ್ತಲಿಗೆ ಕಾಲಿಡಲೂ ಹೆದರುತ್ತಿದ್ದವಳು ತೇಜಸ್ವಿನಿ. ಹೆದರದ ಹುಡುಗಿಯೊಬ್ಬಳ ಕಥೆ ಕಟ್ಟಿಕೊಂಡು ಚಾನೆಲ್‌ಗಳ ಬಾಗಿಲು ಅಲೆದು ಅಲೆದು ಈ ಧಾರಾವಾಹಿ ಗಿಟ್ಟಿಸಿದ್ದಳು. ಚಾನೆಲ್‌ನವರೊಡನೆ ಫೋನಿನಲ್ಲಿ ಗಂಟಲು ಹರಿಯುವಂತೆ ಜಗಳವಾಡಿದಳು. "ಹೆಂಗಸರು ನೋಡ್ಬೇಕಲ್ಲ ಮೇಡಂ," ಎಂದು ಅತ್ತಲಿಂದ ಲೈನ್ ಕಟ್ಟಾಯಿತು.

ಹಲ್ಲು ಕಚ್ಚಿ ಬರೆದಳು. ಉಂಗುರ ತೊಡಿಸಲು ಬಂದ ವರನ ಬೆರಳಲ್ಲಿ ಉಗುರು ಬೆಳೆಯುತ್ತದೆ, ವರನೇ ರಕ್ಕಸ, ನೇಸರಾ ಹೂವಿನ ತಟ್ಟೆಯಿಂದಲೇ ಅವನ ಮುಖಕ್ಕೆ ಬಾರಿಸುತ್ತಾಳೆ. ನೇಸರಾ ಪಾತ್ರ ಮಾಡುವ ನಾಪೋಕ್ಲಿನ ಹುಡುಗಿ ಮಾನಸ ರೇಷ್ಮೆ ಸೀರೆ ಎತ್ತಿ ಕಟ್ಟಿ ಹೊಡೆದ ಹೊಡೆತಕ್ಕೆ ಲೈಟಿನ ಹುಡುಗರೆಲ್ಲ ಶಿಳ್ಳೆ ಹಾಕಿದರು.

ಪ್ರಸಾರದಲ್ಲಿ ಹೊಡೆದಾಟವೇ ಇರಲಿಲ್ಲ. ಉಂಗುರ ಬೆರಳಿಗೆ ಇಳಿಯಿತು. ಹಳೆಯ ಕಂತಿನಿಂದ ತಂದು ಅಂಟಿಸಿದ ನಗು ನಕ್ಕು ನೇಸರಾ ತಲೆ ತಗ್ಗಿಸಿದಳು.

ಅವ್ವ ರಂಗಮ್ಮನ ಫೋನು ಬಂತು. "ಏನೇ ತೇಜು, ಆ ಮಗೀಗೆ ಉಂಗುರ ಹಾಕ್ಸಿ ಕೂರ್ಸ್‌ಬಿಟ್ಯಲ್ಲ! ಅವಳು ಹೊಡೆಯೋದ್ ನೋಡಕ್ಕೆ ಅಂತ ಅಡ್ಗೆ ಬೇಗ ಮುಗ್ಸಿ ಕೂತಿದ್ದೆ ಕಣೆ."

"ನಾನು ಬರ್ದಿದ್ದು ಅದಲ್ಲ ಕಣವ್ವ."

"ನಿನ್ನ ಹೆಸ್ರೇ ಬಂತಲ್ಲ ಟೀವೀಲಿ?"



ಟಿಆರ್‌ಪಿ ಏರಿತು. ಚಾನೆಲ್‌ನವರು ಈಗ ಅರಿಶಿನ ಶಾಸ್ತ್ರ ಬೇಕೆಂದರು. "ನನ್ನ ಹೆಸರು ತೆಗೀರಿ," ಎಂದು ತೇಜಸ್ವಿನಿ ಬ್ಯಾಗು ತುಂಬಿ ಜೀಪಿನ ಬಳಿಗೆ ನಡೆದಳು. ಮೇಕಪ್ ಅರ್ಧಕ್ಕೇ ಬಿಟ್ಟು ಮಾನಸ ಓಡಿ ಬಂದಳು.

"ಅಕ್ಕಾ, ಹೊಸಬ್ರು ಬರೆದ್ರೆ ನಂಗೆ ಫೈಟ್ ಇರಲ್ವಾ?"

"ಗೊತ್ತಿಲ್ಲ ಮಾನಸ."

"ನೀವೇನೋ ಹೋಗ್ಬಿಡ್ತೀರಿ. ನನ್ನ ಅಗ್ರಿಮೆಂಟ್ ಇನ್ನೂ ಒಂದು ವರ್ಷ ಇದೆ." ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. ಒಳಗಿನಿಂದ ಯಾರೋ ಕೂಗಿದರು, ಹೋದಳು.

ತೇಜಸ್ವಿನಿ ಜೀಪಿನ ಬಾಗಿಲು ಹಿಡಿದು ನಿಂತೇ ಇದ್ದಳು. ಆಮೇಲೆ ಬ್ಯಾಗನ್ನು ಜಗಲಿಗೆ ಎಸೆದು ತೀರ್ಥಪ್ರಸಾದನಿಗೆ ಹೇಳಿದಳು: "ಅರಿಶಿನ ನಾನೇ ಬರೀತೀನಿ. ಒನಕೆ ಬೇಕು. ಅವಳು ಒನಕೇಲಿ ಹೊಡೀತಾಳೆ."

"ಮತ್ತೆ ಕತ್ತರಿಸ್ತಾರೆ ಮೇಡಂ."

"ಕತ್ತರಿಸ್ಲಿ. ಅವಳು ಹೊಡೆಯದ ಸೀನ್ ನಾನು ಬರೆಯಲ್ಲ."

ಕತ್ತರಿಸಿದರು. ಮುಂದಿನದನ್ನೂ ಕತ್ತರಿಸಿದರು. ಪ್ರತಿ ಸಲವೂ ತೇಜಸ್ವಿನಿ ಮತ್ತೆ ಬರೆದಳು. ಕೊನೆಗೊಂದು ಕಂತಿನಲ್ಲಿ, ಎಡಿಟರ್ ಮರೆತನೋ ಬೇಕೆಂದೇ ಬಿಟ್ಟನೋ, ಮಾನಸಳ ಒಂದೇ ಒಂದು ಒದೆತ ಉಳಿಯಿತು. ಆ ಒದೆತಕ್ಕೂ ಹಿನ್ನೆಲೆಯಲ್ಲಿ ಮದುವೆಯ ಗಟ್ಟಿಮೇಳ ಹಾಕಿದ್ದರು.