ಅತ್ತಿಗೆಯ ಬೀಜಗಣಿತ

ಹತ್ತನೇ ತರಗತಿಯ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ಮಗುವಾಗಿದ್ದಾಗ ಅಂಗಿಯ ಗುಂಡಿಯೊಂದನ್ನು ನುಂಗಿ ಮನೆಮಂದಿಯ ಜೀವ ಬಾಯಿಗೆ ತಂದಿದ್ದಳು. ಈಗ ಅವಳ ಜೀವ ತಿನ್ನುತ್ತಿದ್ದದ್ದು ಬೀಜಗಣಿತ. ಸಮೀಕರಣದ ಒಂದು ಬದಿಯ ಸಂಖ್ಯೆಯನ್ನು ಇನ್ನೊಂದು ಬದಿಗೆ ಒಯ್ಯುವಾಗ ಚಿಹ್ನೆ ಬದಲಿಸಲು ಮರೆಯುತ್ತಿದ್ದಳು. ಅವಳ ಪುಸ್ತಕದ ತುಂಬ ಮೇಷ್ಟ್ರ ಕೆಂಪು ಗೆರೆಗಳು.

ಒಂದು ಭಾನುವಾರ ಮಧ್ಯಾಹ್ನ, ಅಣ್ಣನ ಹೆಂಡತಿ ಬಟ್ಟೆ ಹೊಲಿಯುವ ಮುಂದಿನ ಕೋಣೆಯಲ್ಲಿ ಕೂತು ಅವಳು ಪೆನ್ಸಿಲ್ ಕಚ್ಚುತ್ತಿದ್ದಳು.

"ಪೆನ್ಸಿಲ್ ತಿಂದ್ರೆ ಉತ್ತರ ಬರುತ್ತಾ? ಜೋರಾಗಿ ಓದು, ನಾನೂ ಕೇಳ್ತೀನಿ," ಎಂದಳು ಅತ್ತಿಗೆ, ಮಶೀನಿನಿಂದ ಕಣ್ಣು ತೆಗೆಯದೆ.

ಗುಂಡಿ ಓದಿದಳು. ಒಂದು ಆಯತದ ಉದ್ದ ಅದರ ಅಗಲದ ಎರಡರಷ್ಟಕ್ಕಿಂತ ಮೂರು ಮೀಟರ್ ಹೆಚ್ಚು. ಸುತ್ತಳತೆ ಮೂವತ್ತಾರು ಮೀಟರ್. ಅಗಲ ಎಷ್ಟು?

ಮಶೀನು ನಿಂತಿತು. "ಸುತ್ತ ಮೂವತ್ತಾರು ಅಂದ್ರೆ ಒಂದು ಉದ್ದ, ಒಂದು ಅಗಲ ಸೇರಿ ಹದಿನೆಂಟು. ಹೆಚ್ಚಿಗೆ ಇರೋ ಮೂರನ್ನ ಕತ್ತರಿಸಿ ತೆಗಿ. ಹದಿನೈದು ಉಳೀತು. ಅದರಲ್ಲಿ ಅಗಲ ಮೂರು ಸಲ ಇದೆ. ಅಗಲ ಐದು."

ಗುಂಡಿ ಪುಸ್ತಕದ ಕೊನೆಗಿದ್ದ ಉತ್ತರಗಳ ಪುಟ ತಿರುವಿದಳು. ಐದೇ!

"ಅತ್ತಿಗೆ, ಇದನ್ನೆಲ್ಲ ಯಾರು ಹೇಳಿಕೊಟ್ರು ನಿಮಗೆ?"

"ಯಾರೂ ಇಲ್ಲ. ಎಂಟನೇ ಕ್ಲಾಸಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಎಕ್ಸ್ ಬರೆದ ವಾರವೇ ಅಮ್ಮ ಹಾಸಿಗೆ ಹಿಡಿದ್ರು. ನಾನು ಸ್ಕೂಲು ಬಿಟ್ಟೆ. ಆ ಎಕ್ಸ್ ಏನಾಯ್ತೋ ಅಂತ ಆಗಾಗ ಅನ್ನಿಸೋದು."

ಅಂದು ಗುಂಡಿ ಅತ್ತಿಗೆ ಹೇಳಿದ್ದನ್ನೇ ಸಾಲುಸಾಲಾಗಿ ಸಮೀಕರಣ ಮಾಡಿ ಬರೆದಳು. ಕೂಡಿಸಿದ ಮೂರು ಆಚೆ ಬದಿಗೆ ಹೋದರೆ ಯಾಕೆ ಕಳೆಯಬೇಕೆಂದು ಅವಳಿಗೆ ಮೊದಲ ಸಲ ಕಣ್ಣಿಗೆ ಕಟ್ಟಿದಂತಾಯಿತು. ಮರುದಿನ ಅಣ್ಣನ ಬೆನ್ನು ಹತ್ತಿ, ಅತ್ತಿಗೆಯೂ ಖಾಸಗಿ ಅಭ್ಯರ್ಥಿಯಾಗಿ ಹತ್ತನೇ ತರಗತಿಯ ಪರೀಕ್ಷೆ ಬರೆಯಲು ಅರ್ಜಿ ತರಿಸಿದಳು.

"ಮೂವತ್ತೆರಡು ವರ್ಷಕ್ಕೆ ಬೆಂಚ್ ಮೇಲೆ ಕೂತ್ಕೋಬೇಕಾ? ನೋಡಿದವರು ನಗಲ್ವಾ?" ಎಂದು ಅತ್ತಿಗೆ ಕೊಸರಾಡಿದಳು. ಅರ್ಜಿಗೆ ಸಹಿ ಹಾಕುವಾಗ ಮಾತ್ರ ಎರಡು ಸಲ ಕೈ ಒರೆಸಿಕೊಂಡಳು.

ಬಟ್ಟೆ ಕತ್ತರಿಸುವ ಮೇಜೇ ಇಬ್ಬರ ಶಾಲೆಯಾಯಿತು. ಗುಂಡಿ ಚಿಹ್ನೆ, ಸೂತ್ರ ಕಲಿಸಿದಳು. ಉತ್ತರವನ್ನು ಲೆಕ್ಕಕ್ಕೆ ಮತ್ತೆ ಹಾಕಿ ನೋಡದೆ ಪುಟ ತಿರುವಲು ಅತ್ತಿಗೆ ಬಿಡಲಿಲ್ಲ. ಒಮ್ಮೆ ವರ್ಗ ಸಮೀಕರಣವೊಂದಕ್ಕೆ ಎರಡು ಉತ್ತರ ಬಂದವು: ಐದು, ಮತ್ತು ಮೈನಸ್ ಎಂಟು.

"ಕೇಳಿರೋದು ಅಗಲ ತಾನೇ? ಮೈನಸ್ ಎಂಟು ಮೀಟರ್ ಅಗಲದ ಬಟ್ಟೆ ಯಾವ ಗಿರಾಕಿ ತರ್ತಾನೆ? ಅದನ್ನ ವಾಪಸ್ ಕಳಿಸು!"

ಗುಂಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಮೇಷ್ಟ್ರು ಇಡೀ ಒಂದು ಪೀರಿಯಡ್ ಹೇಳಿದ್ದೂ ಅದನ್ನೇ.

ಫಲಿತಾಂಶ ಬಂದಾಗ ಗಣಿತದಲ್ಲಿ ಗುಂಡಿಗೆ ಎಪ್ಪತ್ನಾಲ್ಕು, ಅತ್ತಿಗೆಗೆ ಎಂಬತ್ತೊಂದು. ಸೋತ ಗುಂಡಿಯೇ ಬೀದಿಯುದ್ದಕ್ಕೂ ಓಡಿ, "ನಮ್ಮತ್ತಿಗೆ ನನ್ನನ್ನೇ ಹಿಂದೆ ಹಾಕಿದ್ರು!" ಎಂದು ಸಾರಿ ಬಂದಳು. ಅಣ್ಣ ಹೆಂಡತಿಯ ಅಂಕಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

ಅತ್ತಿಗೆ ಕಣ್ಣೊರೆಸಿಕೊಂಡಳು. ಆಮೇಲೆ ಮೇಜಿನ ಮೇಲಿದ್ದ ದಾರದ ಚೂರುಗಳನ್ನು ಕೈಯಿಂದ ಸರಿಸಿದಳು.

"ಪ್ರಶ್ನೆಪತ್ರಿಕೆ ತಗೊಂಡು ಬಾ ಗುಂಡಿ. ಆ ಕೊನೇ ಲೆಕ್ಕ ನನಗಿನ್ನೂ ಬಂದಿಲ್ಲ."